ಗೋಡೆಗೆ ಕೇಳಿಸದ ಟೈರು

ಅವಮಾನವನ್ನು ಮರೆತುಬಿಡುವವರನ್ನು ಜನ ದೊಡ್ಡ ಮನಸ್ಸಿನವರೆಂದು ಹೊಗಳುತ್ತಾರೆ. ನಾನು ಗಮನಿಸಿದ ಮಟ್ಟಿಗೆ ಅವರಲ್ಲಿ ಬಹುಪಾಲು ಮಂದಿಗೆ ನೆನಪಿನ ಶಕ್ತಿಯೇ ಕಡಿಮೆ; ಬೀಗದ ಕೈ ಎಲ್ಲಿಟ್ಟೆವೆಂಬುದನ್ನೂ ಅವರು ಅಷ್ಟೇ ಉದಾರವಾಗಿ ಮರೆಯುತ್ತಾರೆ. ನಾನು ಆ ಪೈಕಿಯವನಲ್ಲ. ಕಳೆದ ವರ್ಷ ಕೋತಗಿರಿಯ ಬಳಿಯ ನಮ್ಮ ಹಟ್ಟಿಯಲ್ಲಿ ಒಂದು ಮದುವೆ ನಡೆಯಿತು. ಗಂಡಸರೆಲ್ಲ ಬಿಳಿ ಪಂಚೆ, ಬಿಳಿ ರುಮಾಲು ಧರಿಸಿ, ಸುತ್ತುಗಟ್ಟಿ ನಿಂತು, ಕುಣಿತಕ್ಕೆ ಮೊದಲ ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಭೋಜ ನನ್ನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, “ಕೂರಿ ಅಣ್ಣ. ಮಂಡಿ ಇದೆಯಲ್ಲ” ಎಂದ. ಮಂಡಿ ಎಲ್ಲರಿಗೂ ಇದೆ. ಭೋಜನಿಗೇ ಎರಡಿವೆ. ಅವನಿಗೆ ಯಾರೂ ಕುರ್ಚಿ ತರಲಿಲ್ಲ.

ಈ ವರ್ಷ ನನ್ನ ತಮ್ಮನ ಮಗಳ ಮದುವೆ. ಅದರ ಕುಣಿತದಲ್ಲಿ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೂ ನಿಂತೇ ತೀರುತ್ತೇನೆಂದು ನಿಶ್ಚಯಿಸಿ, ಉದಕಮಂಡಲದ ವೈದ್ಯರಿಗೆ ಮಂಡಿಯನ್ನು ತೋರಿಸಿದೆ. ದಿನಕ್ಕೆ ನಲವತ್ತು ನಿಮಿಷ ಸೈಕಲ್ ತುಳಿದರೆ ಮೂರು ತಿಂಗಳಲ್ಲಿ ಸರಿಹೋದೀತು ಎಂದರು. ಮರುದಿನವೇ ಅಳಿಯನ ಹಳೆಯ ಸೈಕಲ್ ಏರಿ ಹೊರಟೆ. ಎರಡನೆಯ ತಿರುವಿನಲ್ಲಿ, ಟೀ ಗಿಡಗಳ ನಡುವಿನಿಂದ ಒಂದು ಕಾಡೆಮ್ಮೆ ರಸ್ತೆಗೆ ಬಂದು ನಿಂತು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆ ನೋಟವನ್ನೂ ನಾನು ಮರೆತಿಲ್ಲ. ಸುದ್ದಿ ಕೇಳಿದ ಅಳಿಯ, ಸೈಕಲ್ಲಿನ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡೊಂದನ್ನು ತಂದುಕೊಟ್ಟ. ಚಕ್ರ ಒಂದು ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಮನುಷ್ಯ ಮನೆಯೊಳಗೇ ಎಷ್ಟು ದೂರ ಬೇಕಾದರೂ ಹೋಗಿ, ಹೊರಟಲ್ಲೇ ಇರಬಹುದು.

ನಮ್ಮ ಹಟ್ಟಿಯ ಮನೆಗಳು ಸಾಲುಮನೆಗಳು. ಹತ್ತು ಮನೆಗಳಿಗೆ ಒಂದೇ ಮಾಡು, ಮನೆಮನೆಯ ನಡುವೆ ಒಂದೇ ಗೋಡೆ. ಸೈಕಲ್ಲಿಗೆ ಇದ್ದದ್ದು ಕಲ್ಲುದಾರಿಗೆಂದು ಮಾಡಿದ, ಮೈತುಂಬ ಗುಬುಟುಗಳಿದ್ದ ಟೈರು. ನಾನು ತುಳಿದ ಕೂಡಲೇ ಹತ್ತೂ ಮನೆಗಳು ಒಟ್ಟಿಗೆ ಗುಂಯ್‌ಗುಟ್ಟತೊಡಗಿದವು. ಹಟ್ಟಿಯ ಕೆಳಗೊಂದು ಟೀ ಫ್ಯಾಕ್ಟರಿಯಿದೆ. ಮುಚ್ಚಿ ಎರಡು ವರ್ಷವಾಯಿತು. ಅಲ್ಲಿ ಸೊಪ್ಪು ಬಾಡಿಸುವ ದೊಡ್ಡ ಫ್ಯಾನುಗಳನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನು ನಾನೇ. ಆ ಫ್ಯಾನಿನ ಸದ್ದಿಗೂ ಈ ಟೈರಿನ ಸದ್ದಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದು ಹೆಂಗಸರು ಸೊಪ್ಪಿನ ಮೂಟೆಗಳೊಂದಿಗೆ ಫ್ಯಾಕ್ಟರಿಯ ಗೇಟಿನ ಮುಂದೆ ಕುಳಿತಿದ್ದರು. ಫ್ಯಾನು ಹಾಕಿದ ಮೇಲೆ ಸೊಪ್ಪು ತೆಗೆದುಕೊಳ್ಳದಿರುವುದು ಯಾವ ನ್ಯಾಯವೆಂದು ಅವರು ನನ್ನನ್ನು ಕೇಳಿದರು. ಫ್ಯಾನು ನನ್ನ ಮಲಗುವ ಕೋಣೆಯಲ್ಲಿದೆ ಎಂದೆ. ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಅಂದು ಸಂಜೆ ಊರಗೌಡರು ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ತೀರ್ಮಾನ ಹೇಳಿದರು. ಹಿರಿಯರು ಮನೆಯೊಳಗೆ ಸೈಕಲ್ ತುಳಿಯಬಹುದು. ಸದ್ದು ಮಾತ್ರ ಗೋಡೆ ದಾಟಬಾರದು. ದಾಟಿದರೆ ಸ್ಟ್ಯಾಂಡನ್ನು ಹಳೆಯ ಎಮ್ಮೆಕೊಟ್ಟಿಗೆಗೆ ಸಾಗಿಸಬೇಕು. ಆ ಕೊಟ್ಟಿಗೆಯಲ್ಲಿ ಈಗ ಎಮ್ಮೆಗಳಿಲ್ಲ. ಮಳೆ ಬಂದಾಗ ಚಿರತೆ ಬಂದು ಮಲಗುತ್ತದೆ.

ಹೀಗೆ ನನ್ನ ಕುಣಿತ ಒಂದು ಟೈರಿನ ಮೇಲೆ ನಿಂತಿತು. ಗುಬುಟಿನಿಂದ ಸದ್ದಾಗುವುದಾದರೆ ಸವೆದ ಟೈರಿನಿಂದ ಸದ್ದಾಗದು ಎಂಬುದು ನನ್ನ ಮೊದಲ ತರ್ಕ. ಕೋತಗಿರಿಯ ರಿಪೇರಿ ಅಂಗಡಿಯಲ್ಲಿ ನನ್ನ ತಲೆಯಷ್ಟೇ ಬೋಳಾದ ಒಂದನ್ನು ಆರಿಸಿದೆ. ಅದು ಕೋಣೆಯ ತುಂಬ ಕರಿಯ ಪುಡಿ ಉದುರಿಸಿತು. ಅದರ ತೇಪೆ ಸುತ್ತಿಗೊಮ್ಮೆ ಉರುಳೆಗೆ ತಾಗಿ ದಡಕ್ ಎನ್ನುತ್ತಿತ್ತು. ಗೋಡೆಯಾಚೆ ಭೋಜನ ತಾಯಿ ಮಾದಿ ಚಿಕ್ಕಮ್ಮನಿಗೆ ತೊಂಬತ್ತು ವರ್ಷ. ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ಅವರು ನಲವತ್ತು ನಿಮಿಷವೂ ‘ಬನ್ನಿ, ಬನ್ನಿ’ ಎನ್ನುತ್ತಲೇ ಇದ್ದರಂತೆ. ಎರಡನೆಯದು ಹೊಸದು, ತೆಳುವಾದದ್ದು, ನುಣುಪಾದದ್ದು. ಅದು ಲವ್‌ಡೇಲಿನ ಏರು ಹತ್ತುವ ರೈಲಿನಂತೆ ಕೂಗಿತು. ಗಾಳಿ ಕಡಿಮೆಯಾಗಿದೆ, ಉರುಳೆಯನ್ನೂ ಅರ್ಧ ತಿರುವು ಬಿಗಿ ಮಾಡಿ ಎಂದು ಅಳಿಯ ಫೋನಿನಲ್ಲಿ ಹೇಳಿದ. ಎರಡನ್ನೂ ಮಾಡಿದೆ. ಕೂಗು ಇಳಿದು ಗೊಣಗಾಟವಾಯಿತು. ಗೊಣಗಾಟವೂ ಗೋಡೆ ದಾಟುತ್ತದೆಂದು ಭೋಜ ತಕರಾರು ಎತ್ತಿದ.

ಕೊನೆಗೆ ಉದಕಮಂಡಲದ ದೊಡ್ಡ ಸೈಕಲ್ ಅಂಗಡಿಗೆ ಹೋಗಿ, ಒಂದೊಂದು ಟೈರನ್ನೂ ಉಗುರಿನಿಂದ ಕೆರೆದು ಕಿವಿಗೆ ಹಿಡಿದು ಕೇಳಿದೆ. ಅಂಗಡಿಯವನು ಬೇರೆ ಗಿರಾಕಿಗಳಿಗೆ ಕಣ್ಣಿನಲ್ಲೇ ನನ್ನ ಪರವಾಗಿ ಕ್ಷಮೆ ಕೋರುತ್ತಿದ್ದುದು ನನಗೆ ಕಾಣದೆ ಇರಲಿಲ್ಲ. ಆಮೇಲೆ ಅವನು ಒಳಗಿನಿಂದ ನೀಲಿ ಬಣ್ಣದ, ಮೆದು ರಬ್ಬರಿನ ಟೈರೊಂದನ್ನು ತಂದ. ಇದು ಇಂಥ ಸ್ಟ್ಯಾಂಡಿಗೆಂದೇ ಮಾಡಿದ್ದು, ಹೊರಗೆ ಓಡಿಸಬಾರದು, ಜಾರಿಬಿಡುತ್ತದೆ ಎಂದು ತಮಿಳಿನಲ್ಲಿ ಎರಡು ಸಲ ಎಚ್ಚರಿಸಿದ. ಹುಟ್ಟುವಾಗಲೇ ‘ನೀನು ಮನೆಯಲ್ಲಿ ಇರು’ ಎನ್ನಿಸಿಕೊಂಡ ಆ ಟೈರಿನ ಮೇಲೆ ನನಗೆ ಅಪಾರ ಮರುಕ ಹುಟ್ಟಿ, ಅಲ್ಲೇ ಕೊಂಡೆ. ಊರಗೌಡರು ಭೋಜನ ಮನೆಯೊಳಗೆ ಗೋಡೆಗೆ ಕಿವಿಯಿಟ್ಟು ಕುಳಿತರು, ನಾನು ತುಟಿ ಬಿಗಿದು ತುಳಿದೆ. ಬಹಳ ಹೊತ್ತಾದ ಮೇಲೆ ಅವರು ಬಂದು, ಇನ್ನೂ ಏಕೆ ಶುರು ಮಾಡಿಲ್ಲವೆಂದು ಕೇಳಿದರು. ನನ್ನ ಬಾಳಿನಲ್ಲಿ ಸಿಕ್ಕ ಕೆಲವೇ ಗೌರವಗಳಲ್ಲಿ ಅದೂ ಒಂದು.

ನಲವತ್ತು ನಿಮಿಷ ಸುಮ್ಮನೆ ತುಳಿಯುವುದು ಕಠಿಣವೆಂದು ತುಳಿದವರಿಗೇ ಗೊತ್ತು. ನಾನು ಕಂಡುಕೊಂಡ ಉಪಾಯವೆಂದರೆ ಐದು ನಿಮಿಷಕ್ಕೊಂದರಂತೆ ಹಳೆಯ ಅವಮಾನಗಳನ್ನು ಕ್ರಮವಾಗಿ ಹೇಳಿಕೊಳ್ಳುವುದು. ಕಾಲಿಗೆ ತಾನಾಗಿಯೇ ಬಲ ಬರುತ್ತದೆ. ನೀಲಿ ಟೈರು ಹಾಕಿದ ಐದನೆಯ ದಿನ, ಭೋಜನ ತಂಗಿಯ ಮನೆಯ ಗೃಹಪ್ರವೇಶದ ಊಟದಲ್ಲಿ ನನ್ನೊಬ್ಬನ ಎಲೆಗೆ ತುಪ್ಪ ಬೀಳದ ಪ್ರಸಂಗಕ್ಕೆ ಬಂದಿದ್ದೆ. ಆಗ ಗೋಡೆ ಮಾತನಾಡಿತು.

“ಇಲ್ಲೆ ಅಣ್ಣ. ನಾನೇ ತುಪ್ಪ ತಂದೆ. ನಿಂಗಳೇ ಎಲೆಗೆ ಕೈ ಅಡ್ಡ ಹಿಡಿದದ್ದು.”

ಭೋಜನ ದನಿ. ನನ್ನ ಕಾಲು ನಿಂತಿತು. ಇಷ್ಟು ದಿನ ಆ ಹಾಳು ಟೈರುಗಳ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ನನ್ನ ಮಾತು ಐದು ದಿನಗಳಿಂದ ಅಕ್ಷರ ಬಿಡದೆ ಅತ್ತ ಕೇಳಿಸುತ್ತಿತ್ತು. ಅಕ್ಕಪಕ್ಕದವರು ಕೆಲಸ ಮುಗಿಸಿ ಬಂದು ಕುಳಿತು ಕೇಳುತ್ತಿದ್ದರು. ಅಲ್ಲಿ ಒಂದು ಕೆಮ್ಮು ನನ್ನ ಹೆಂಡತಿಯದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆಗ ಮಾದಿ ಚಿಕ್ಕಮ್ಮ, “ತುಳಿ ಮಗ, ನಿಲ್ಲಿಸಬೇಡ. ನನ್ನ ಸರದಿ ಇನ್ನೂ ಬಂದಿಲ್ಲೆ” ಎಂದರು.

ಅಂದಿನಿಂದ ನನ್ನ ಆಸ್ತಿ ಕರಗತೊಡಗಿತು. ಒಂದನ್ನು ಹೇಳಿದರೆ ಸಾಕು, ಆ ದಿನ ಅಲ್ಲಿದ್ದವರೊಬ್ಬರು ಗೋಡೆಯಾಚೆಯಿಂದ ತಿದ್ದುತ್ತಾರೆ. ನನ್ನನ್ನು ಬಿಟ್ಟುಹೋಯಿತೆಂದು ಮೂವತ್ತು ವರ್ಷ ನಾನು ನಂಬಿದ್ದ ಜೀಪು ನನ್ನ ಮನೆಯ ಮುಂದೆ ಅರ್ಧ ಗಂಟೆ ಹಾರನ್ ಹೊಡೆದಿತ್ತಂತೆ. ಕುರ್ಚಿ ತರಲು ಭೋಜನನ್ನು ಕಳಿಸಿದವಳು ನನ್ನ ಹೆಂಡತಿಯಂತೆ. ಬಾಯಿ ಮುಚ್ಚಿ ತುಳಿದು ನೋಡಿದೆ. ಒಮ್ಮೆ ತಿದ್ದುಪಡಿಯಾದ ಅವಮಾನದಲ್ಲಿ ಮೊದಲಿನ ಕಸುವು ಇರುವುದಿಲ್ಲ. ಮದುವೆಗೆ ಹನ್ನೆರಡು ದಿನ ಉಳಿದಿವೆ. ಮಂಡಿ ಎಷ್ಟೋ ವಾಸಿ, ಟೈರು ನಿರ್ದೋಷಿ. ತುಳಿಯಲು ಮಾತ್ರ ಕಾರಣವಿಲ್ಲ. ನಿನ್ನೆ ಹದಿನೇಳನೆಯ ನಿಮಿಷಕ್ಕೆ ಕಾಲು ಸೋತು ಬಂದಾಗ ಇಳಿದು, ಶಾಲು ಹೊದ್ದು, ಭೋಜನ ಮನೆಯ ಬಾಗಿಲಿಗೆ ಹೋಗಿ ನಿಂತೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಟೀ ತಂದುಕೊಟ್ಟ. ಸಕ್ಕರೆ ಹಾಕಿರಲಿಲ್ಲ.

ಈ ಅವಮಾನದ ಬಗ್ಗೆ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಎಚ್ಚರದಿಂದ ಬಳಸಿದರೆ ಮದುವೆಯವರೆಗೆ ಸಾಕು.