ಫೇರ್‌ಲ್ಯಾಂಡ್ಸಿನಲ್ಲಿ ಒಂದು ಕುಣಿ

ಆಫೀಸಿಗೆ ಜಾಗ ಹಿಡಿಯುವುದು ಬಹಳ ಸುಲಭ. ಇಸ್ತ್ರಿಯ ಷರಟು ಹಾಕಿಕೊಳ್ಳಬೇಕು, ಓನರ್ ಮುಂದೆ ಕಾಲ ಮೇಲೆ ಕಾಲು ಹಾಕದೆ ಕೂರಬೇಕು, ಕಾಫಿ ಕೊಟ್ಟರೆ ಬೇಡವೆನ್ನದೆ ಕುಡಿಯಬೇಕು. ಇಷ್ಟೇ! ನಾನು ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಆದ್ದರಿಂದ ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ ಎಂದು ಬಹಳ ದಿನ ವಾದಿಸಿದೆ. ಈಗ ವಾದಿಸುವುದಿಲ್ಲ. ಕೇಳುವವರು ಯಾರೂ ಉಳಿದಿಲ್ಲ.

ನಾವು ತಮಿಳುನಾಡಿನ ಸೇಲಂ ಬಳಿಯ ತಾರಮಂಗಲದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ‘ನಾವು ನೇಕಾರರು’ ಎಂದು ಗೌರವಕ್ಕೆ ಬರೆದೆ. ನೇಯುವವಳು ನನ್ನ ಹೆಂಡತಿ ಈಶ್ವರಿ. ನಾನು ಅವಳು ನೇಯ್ದದ್ದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವವನು. ಅವಳದು ಕುಣಿಮಗ್ಗ. ನೆಲದಲ್ಲಿ ಸೊಂಟದಾಳದ ಕುಣಿ ಇರುತ್ತದೆ; ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತಾ ಮೇಲೆ ಲಾಳಿ ಓಡಿಸಬೇಕು. ಆ ದಿನಗಳಲ್ಲಿ ಮಗ್ಗದ ಮೇಲಿದ್ದದ್ದು ನಮ್ಮ ಮಗಳು ನಿತ್ಯಾಳ ಮುಹೂರ್ತದ ಸೀರೆ. ಅರಿಶಿನದ ಒಡಲು, ಕುಂಕುಮದ ಅಂಚು. ಅರ್ಧ ಮುಗಿದಿತ್ತು. ತಾನು ನೇಯ್ದ ಸೀರೆ ಉಟ್ಟೇ ಮಗಳು ಹಸೆಗೆ ಬರಬೇಕೆಂಬುದು ಈಶ್ವರಿಯ ಒಂದೇ ಆಸೆ. ಚಿನ್ನ ಕೇಳಿದವಳಲ್ಲ, ದೊಡ್ಡ ಮಂಟಪ ಕೇಳಿದವಳಲ್ಲ.

ಇಂಥ ಹೊತ್ತಿನಲ್ಲಿ ನನಗೆ ಆಫೀಸಿನ ಯೋಚನೆ ಬಂತು.

ಸೇಲಂನ ಫೇರ್‌ಲ್ಯಾಂಡ್ಸ್ ಎಂದರೆ ನಾಯಿಗಳು ಕೂಡ ಮನೆಯೊಳಗಿನಿಂದಲೇ ಬೊಗಳುವಂಥ ಬಡಾವಣೆ. ಅಲ್ಲಿನ ಹೆಂಗಸರು ಮಗ್ಗವನ್ನು ಕಣ್ಣಾರೆ ಕಂಡರೆ ಸೀರೆಯ ಬೆಲೆಯನ್ನೇ ಕೇಳುವುದಿಲ್ಲವೆಂದು ನನಗೆ ಯಾರೋ ಹೇಳಿದ್ದರು. ಯಾರೆಂದು ಎಷ್ಟು ಯೋಚಿಸಿದರೂ ಮುಖ ನೆನಪಿಗೆ ಬರುತ್ತಿಲ್ಲ. ನಾನೇ ನನಗೆ ಹೇಳಿಕೊಂಡಿರಬಹುದು. ಏನೇ ಇರಲಿ, ಯೋಜನೆ ಸಿದ್ಧವಾಯಿತು: ಫೇರ್‌ಲ್ಯಾಂಡ್ಸಿನಲ್ಲಿ ಒಂದು ಆಫೀಸು, ನಡುವೆ ಮಗ್ಗ, ಮಗ್ಗದಲ್ಲಿ ಈಶ್ವರಿ, ಸುತ್ತ ಗಿರಾಕಿಗಳು, ಗಾಜಿನ ಕೋಣೆಯಲ್ಲಿ ನಾನು.

“ಸೀರೆ ಮುಗೀಲಿ, ಆಮ್ಯಾಕ್ ಓಗಾನ,” ಎಂದಳು ಈಶ್ವರಿ.

“ಅಲ್ಲೇ ಮುಗ್ಸು. ಏಸಿ ಐತೆ.”

“ನಂಗ್ಯಾಕೆ ಏಸಿ? ನೂಲಿಗ್ ಚಳಿ ಆಗ್ತದಾ?”

ಮಹಾಪುರುಷರ ಮನೆಗಳಲ್ಲಿ ಇಂಥ ವಿರೋಧ ಸಹಜ. ನಾನು ಹೊರಟೆ.

ಜಾಗ ಸಿಕ್ಕಿತು. ಅದರ ಓನರ್ ಒಬ್ಬ ನಿವೃತ್ತ ತಮಿಳು ಪ್ರೊಫೆಸರ್. ಬಾಗಿಲು ತೆರೆಯುವಾಗಲೇ ಒಂದು ಮಾತು ಹೇಳಿಬಿಟ್ಟರು: “ಗಲಾಟೆಯ ವ್ಯಾಪಾರ ಬೇಡ ತಂಬಿ. ಡೀಸೆಂಟ್ ಆಗಿರಬೇಕು.” ಮಗ್ಗ ಡೀಸೆಂಟೇ. ಆದರೆ ಸುಮ್ಮನಿರುವ ಪ್ರಾಣಿಯಲ್ಲ. ಬೆಳಗಿನಿಂದ ಸಂಜೆಯವರೆಗೆ ಲಟಕ್ ಲಟಕ್ ಎನ್ನುತ್ತಲೇ ಇರುತ್ತದೆ. ಅದಕ್ಕೇ ನಾನು ಬುದ್ಧಿವಂತಿಕೆಯಿಂದ ಮಗ್ಗದ ಹೆಸರನ್ನೇ ಎತ್ತದೆ, ಹೊಸದಾಗಿ ಅಚ್ಚು ಹಾಕಿಸಿದ ವಿಸಿಟಿಂಗ್ ಕಾರ್ಡ್ ಮುಂದಿಟ್ಟೆ. ಅದರಲ್ಲಿ ‘ಹೆರಿಟೇಜ್ ಎಕ್ಸ್‌ಪೀರಿಯೆನ್ಸ್ ಸೆಂಟರ್’ ಎಂದಿತ್ತು. ಹಾಗೆಂದರೇನೆಂದು ನನಗೂ ಗೊತ್ತಿರಲಿಲ್ಲ. ಅದೇ ಅದರ ಘನತೆ!

ನಿಜ ಹೇಳಬೇಕೆಂದರೆ, ಆ ದಿನ ನಾನು ಒಮ್ಮೆಯಾದರೂ ‘ತರಿ’ ಎಂದಿದ್ದೆನೆಂದು ನನಗೆ ಬಲವಾದ ನೆನಪಿದೆ. ತಮಿಳಿನಲ್ಲಿ ಮಗ್ಗಕ್ಕೆ ತರಿ ಎನ್ನುತ್ತಾರೆ. ಆದರೆ ಈಶ್ವರಿ ಒಂದೇ ಪ್ರಶ್ನೆಯಲ್ಲಿ ಆ ನೆನಪನ್ನು ಮುರಿದು ಹಾಕಿದ್ದಾಳೆ: “ತರಿ ಅಂದಿದ್ರೆ ತಮಿಳ್ ವಾತಿಯಾರ್‌ಗೆ ಅರ್ತ ಆಗ್ತಿರ್ನಿಲ್ವಾ?” ವಾತಿಯಾರ್ ಎಂದರೆ ಮೇಷ್ಟರು. ನೆನಪು ಬಲವಾಗಿದ್ದಷ್ಟೂ ಅದನ್ನು ನಾನು ಆಮೇಲೆ ಕೂತು ರಿಪೇರಿ ಮಾಡಿದ್ದೇನೆಂದು ತಿಳಿಯಬೇಕು.

ಮಗ್ಗದ ಹೆಸರೆತ್ತಲಿಲ್ಲ, ಕುಣಿಯನ್ನಾದರೂ ಕೇಳಬೇಕಲ್ಲ! ಇಲ್ಲಿ ಒಂದು ಅಕ್ಷರದ ವಿಷಯ ಹೇಳಬೇಕು. ತಮಿಳಿನಲ್ಲಿ ಕುಣಿಗೆ ‘ಕುೞಿ’ ಎನ್ನುತ್ತಾರೆ. ನಾಲಗೆಯನ್ನು ಒಳಕ್ಕೆ ಮಡಚಿ ಹೊರಡಿಸುವ ಆ ೞಕಾರ ಹಿಂದೆ ಕನ್ನಡದಲ್ಲೂ ಇತ್ತಂತೆ. ಯಾರೋ ಕಳೆದರು. ಕಳೆದವನು ನನ್ನ ಮುತ್ತಾತನೇ ಇರಬೇಕು, ನಮ್ಮ ವಂಶದಲ್ಲಿ ಅದು ಯಾರ ಬಾಯಲ್ಲೂ ಬರುವುದಿಲ್ಲ. ನಾವು ‘ಕುಳಿ’ ಎನ್ನುತ್ತೇವೆ. ತಾರಮಂಗಲದಲ್ಲಿ ಅದು ನಡೆಯುತ್ತದೆ. ಆದರೆ ತಮಿಳು ಪ್ರೊಫೆಸರ್ ಕಿವಿಯಲ್ಲಿ ಳ ಎಂದರೆ ಳ. ‘ಕುಳಿ’ ಎಂದರೆ ಸ್ನಾನ ಮಾಡು!

ಮುಂದಿನದು ತಮಿಳಿನಲ್ಲಿ ನಡೆದ ಮಾತು. ಕನ್ನಡದಲ್ಲಿ ಕೊಡುತ್ತೇನೆ, ಎರಡರಲ್ಲೂ ಅನಾಹುತ ಒಂದೇ.

“ಒಳಗಡೆ ಒಂದು ‘ಕುಳಿ’ ಬೇಕು ಸಾರ್,” ಎಂದೆ.

ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡರು. “ಸ್ನಾನಕ್ಕಾ?” ಎಂದು ಅವರು ಕೇಳಿದ್ದು ನನ್ನ ಕಿವಿಗೆ “ಕುಣಿಯಾ?” ಎಂದು ಬಿತ್ತು.

“ಹೌದು ಸಾರ್. ನನ್ನ ಹೆಂಡತಿಗೆ.”

“ಓಹೋ. ದಿನಾ ಬೇಕೋ?”

“ದಿನಾ ಸಾರ್. ಬೆಳಿಗ್ಗೆ ಇಳಿದರೆ ಸಂಜೆಯವರೆಗೆ ಅದರಲ್ಲೇ.”

“ಸಂಜೆಯವರೆಗಾ!”

“ಮಧ್ಯದಲ್ಲಿ ಊಟಕ್ಕೆ ಏಳ್ತಾಳೆ.”

ಪ್ರೊಫೆಸರ್ ದನಿ ತಗ್ಗಿಸಿದರು. “ಮೈಗೆ ಏನಾದರೂ ತೊಂದರೆಯಾ ತಂಬಿ?”

“ಇಲ್ಲ ಸಾರ್, ಅಭ್ಯಾಸ. ಅವರಮ್ಮನೂ ಹಾಗೇ, ಅಜ್ಜಿಯೂ ಹಾಗೇ. ವಂಶದಲ್ಲೇ ಬಂದಿದೆ. ಸೊಂಟದಾಳ ಇದ್ದರೆ ಸಾಕು, ಕಾಲು ಇಳಿಬಿಟ್ಟು ಕೂರುವಂತಿರಬೇಕು.”

“ಅದು ಮನೆಯಲ್ಲೇ ಇದ್ದರಾಗದಾ? ಆಫೀಸಿನಲ್ಲೇಕೆ?”

“ಗಿರಾಕಿಗಳು ಬಂದು ನೋಡಬೇಕಲ್ಲ ಸಾರ್!”

ಕಾಫಿ ಲೋಟ ಅವರ ತುಟಿಯ ಬಳಿ ನಿಂತುಬಿಟ್ಟಿತು. ಅದನ್ನು ಕೆಳಗಿಟ್ಟು, ನೆಲ ನೋಡುತ್ತಾ ಕೇಳಿದರು: “ಬಟ್ಟೆ... ಇರುತ್ತದೆ ತಾನೆ?”

“ಏನು ಸಾರ್ ಹೀಗೆ ಕೇಳ್ತೀರಿ! ಬಟ್ಟೆಯೇ ಮುಖ್ಯ! ಸೀರೆ ಸಾರ್, ಅಪ್ಪಟ ರೇಷ್ಮೆ!”

ಅವರು ನಿಟ್ಟುಸಿರು ಬಿಟ್ಟು, ನನ್ನ ಕಾರ್ಡನ್ನು ಮತ್ತೆ ನೋಡಿ, ‘ಎಕ್ಸ್‌ಪೀರಿಯೆನ್ಸ್’ ಎಂಬಲ್ಲಿ ಬೆರಳಿಟ್ಟರು. “ಅಂದರೆ ಒಂಥರಾ ಜಲಚಿಕಿತ್ಸೆ?”

‘ಚಿಕಿತ್ಸೆ’ ಮಾತ್ರ ನನಗೆ ಕೇಳಿಸಿತು. “ಮನಸ್ಸಿಗೆ ಒಂಥರಾ ಚಿಕಿತ್ಸೆಯೇ ಸಾರ್!” ಎಂದೆ, ಕವಿಯಂತೆ. ಅವರು ಕೈ ಕುಲುಕಿದರು. ಕುಣಿಯನ್ನು ತಾವೇ ಮಾಡಿಸಿಕೊಡುವುದಾಗಿ ಹೇಳಿದರು. ಲೀಸ್ ಪತ್ರಕ್ಕೆ ಸಹಿಯಾಯಿತು.

ಕೆಲವು ದಿನ ಕಳೆದು ಫೋನು ಮಾಡಿದರು: “ರೆಡಿ ತಂಬಿ. ಒಳಗೆಲ್ಲಾ ಫಸ್ಟ್ ಕ್ಲಾಸ್ ಟೈಲ್ಸ್.” ಕುಣಿಗೆ ಟೈಲ್ಸ್! ಫೇರ್‌ಲ್ಯಾಂಡ್ಸ್ ಅಂದರೆ ಫೇರ್‌ಲ್ಯಾಂಡ್ಸ್! ನಾನು ಆ ಸಂತೋಷದಲ್ಲೇ ಗಾರೆಯವನನ್ನು ಕರೆಸಿದೆ. ಮಗ್ಗ ಹೋದ ಮೇಲೆ ಮನೆಯ ನಡುಮನೆಯಲ್ಲಿ ಗುಂಡಿ ಯಾಕೆ? ಮದುವೆಗೆ ಬರುವ ನೆಂಟರು ಬೀಳುವುದಕ್ಕಾ?

“ಅಲ್ಲಿ ಕುಣಿ ಎಂಗೈತೆ ಅಂತ ಕಣ್ಣಾರೆ ನೋಡ್ಕಂಡ್ ಬನ್ರಿ,” ಎಂದಳು ಈಶ್ವರಿ. “ಆಮ್ಯಾಕ್ ಇದ್ನ ಮುಚ್ಚಾನ.”

“ಪ್ರೊಫೆಸರ್ ಮಾತು ಕಣೇ!”

“ಪ್ರೊಪೆಸರ್ ಬಂದ್ ನೇಯ್ತಾರಾ?”

ನಾನು ನೋಡಿಕೊಂಡು ಬರಲಿಲ್ಲ. ಇದನ್ನು ಬರೆಯುವಾಗ ಇಲ್ಲೊಂದು ಸಬೂಬು ಸೇರಿಸಲು ಕೈ ಹೋಗುತ್ತಿದೆ: ಮಳೆ, ಬಸ್ಸು, ಆಹ್ವಾನ ಪತ್ರಿಕೆಯ ಕೆಲಸ. ಯಾವುದೂ ಇರಲಿಲ್ಲ. ಒಂದೇ ಬಸ್ಸಿನ ದಾರಿ. ಹೋಗಲಿಲ್ಲ, ಅಷ್ಟೆ.

ಆಫೀಸು ತೆರೆಯುವ ದಿನ ಈಶ್ವರಿ ಮಗ್ಗ ಬಿಚ್ಚಿದಳು. ನೇಯ್ದ ಅರ್ಧ ಸೀರೆಯನ್ನೂ, ಇನ್ನೂ ನೇಯಬೇಕಾದ ಹಾಸಿನ ಉದ್ದನೆಯ ಎಳೆಗಳನ್ನೂ, ಅವುಗಳ ನಡುವೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯನ್ನೂ ಕದಲಿಸದೆ ಒಟ್ಟಿಗೆ ಸುತ್ತಿ, ಬಿಳಿ ಪಂಚೆಯಲ್ಲಿ ಕಟ್ಟಿದಳು. ಮರದ ಸಾಮಾನು ಕುಟ್ಟಿಯಾನೆಗೆ ಏರಿತು; ಸಣ್ಣ ಸಾಮಾನು ಗಾಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಪಂಚೆಯ ಗಂಟನ್ನು ಮಾತ್ರ ಅವಳು ಯಾರ ಕೈಗೂ ಕೊಡಲಿಲ್ಲ. ದಾರಿಯುದ್ದಕ್ಕೂ ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗಾಡಿ ಹೊರಟಾಗ ಮನೆಯೊಳಗಿನಿಂದ ಗಾರೆಯವನ ಸದ್ದು ಕೇಳುತ್ತಿತ್ತು. ಅವನು ಕೆಲಸಕ್ಕೆ ಬಹಳ ನಿಯತ್ತಿನವನು. ಆನೆ ನಿಂತರೂ ಜಗ್ಗದ ಹಾಗೆ ಮುಚ್ಚಿಕೊಟ್ಟ.

ಫೇರ್‌ಲ್ಯಾಂಡ್ಸಿನಲ್ಲಿ ಪ್ರೊಫೆಸರ್ ಬಾಗಿಲಲ್ಲೇ ಕಾಯುತ್ತಿದ್ದರು. ಈಶ್ವರಿಯನ್ನು ಬಹಳ ಮರುಕದಿಂದ ನೋಡಿದರು. ಆಮೇಲೆ ಒಳಗೆ ಕರೆದೊಯ್ದು ಒಂದು ಬಾಗಿಲು ತೆರೆದರು.

ಕುಣಿ ಇತ್ತು. ಬೆಳ್ಳಗೆ, ನುಣ್ಣಗೆ, ಸೊಂಟದಾಳ. ಕಾಲು ಇಳಿಬಿಟ್ಟು ಕೂರುವುದಕ್ಕೆ ಮೆಟ್ಟಿಲು. ಮೇಲೆ ಬೆಳ್ಳಿಯಂತೆ ಹೊಳೆಯುವ ನಲ್ಲಿ. ಪಕ್ಕದಲ್ಲಿ ಗೀಸರು. ಅದು ನೆಲದೊಳಕ್ಕೆ ಇಳಿದಿರಲಿಲ್ಲ, ನೆಲದ ಮೇಲೆ ಎದ್ದು ನಿಂತಿತ್ತು.

ಈಶ್ವರಿ ಬಗ್ಗಿ ನೋಡಿದಳು. “ಏನ್ರಿ ಇದು?”

“ತೊಟ್ಟಿ,” ಎಂದೆ.

“ತೊಟ್ಟೀಲಿ ಕೂತ್ಕಂಡು ನೇಯ್ಬೇಕಾ ನಾನು?”

ಈಗ ತರಿಯ ವಿಷಯ ಹೇಳದೆ ದಾರಿಯಿರಲಿಲ್ಲ. ಹೇಳಿದೆ. ಪ್ರೊಫೆಸರ್‌ಗೆ ಕೋಪ ಬಂದೀತೆಂದುಕೊಂಡೆ. ಬರಲಿಲ್ಲ. “ಮೊದಲೇ ತರಿ ಅಂದಿದ್ದರೆ ಹಿತ್ತಿಲ ಕಡೆಯ ಮಣ್ಣುನೆಲದ ಕೋಣೆಯನ್ನೇ ಕೊಡುತ್ತಿದ್ದೆನಲ್ಲ ತಂಬಿ! ನಮ್ಮ ತಾಯಿ ನೇಕಾರರ ಊರಾದ ಎಡಪ್ಪಾಡಿಯವರು. ನಾನು ತರಿಯ ಸದ್ದಿನಲ್ಲೇ ಮಲಗಿ ಬೆಳೆದವನು. ಆ ಕೋಣೆಯನ್ನು ಹೋದ ವಾರವಷ್ಟೇ ಬೇರೆಯವರಿಗೆ ಕೊಟ್ಟೆ.” ಈ ನೆಲವನ್ನು ಅಗೆಯುವಂತಿರಲಿಲ್ಲ, ಇದು ಮಹಡಿ, ಕೆಳಗೆ ಕಾರು ನಿಲ್ಲಿಸುವ ಜಾಗ. ಅಗೆದಿದ್ದರೆ ಈಶ್ವರಿಯ ಕಾಲು ಯಾರದೋ ಕಾರಿನ ಮೇಲೆ ಜೋತಾಡುತ್ತಿತ್ತು.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಕುಣಿ ಹೋದರೂ ಸೀರೆ ಇತ್ತಲ್ಲ! ಅಕ್ಕಪಕ್ಕದವರ ಮಗ್ಗದಲ್ಲಿ ಮುಗಿಸಬಹುದಿತ್ತು. ಆದರೆ ಗಾಡಿಯವನು ಮರ ಇಳಿಸುವುದಾ ಬೇಡವಾ ಎಂದು ಕೂಗಿದ. ಈಶ್ವರಿ ಹೊರಗೆ ಹೋಗಬೇಕಾಯಿತು. ಬೇರೆ ಕಡೆಯೆಲ್ಲ ಪೇಂಟು ಇನ್ನೂ ಹಸಿ. ಅವಳು ಆ ಹೊಸ ತೊಟ್ಟಿಯನ್ನು ಸೆರಗಿನಿಂದ ಒರೆಸಿ, ಪಂಚೆಯ ಗಂಟನ್ನು ಅದರೊಳಗೆ ಮಲಗಿಸಿದಳು. ಅಳತೆ ತೆಗೆದು ಮಾಡಿಸಿದಂತೆ ಹಿಡಿಯಿತು. “ನೋಡ್ಕಳ್ರಿ,” ಎಂದು ಹೇಳಿ ಹೋದಳು.

ನಾನು ನೋಡಿಕೊಂಡೆ. ನಲ್ಲಿಯನ್ನು.

ನನ್ನ ಮೊಣಕೈ ತಗಲಿತೆಂದು ಎಲ್ಲರಿಗೂ ಹೇಳಿದ್ದೇನೆ. ಬೀಗರಿಗೂ ಹೇಳಿದ್ದೇನೆ. ಹೇಳಿ ಹೇಳಿ, ಮೊಣಕೈಯಲ್ಲಿ ಆ ತಣ್ಣನೆಯ ಲೋಹ ತಾಕಿದ್ದು ಕೂಡ ಈಗ ನೆನಪಾಗುತ್ತದೆ. ಆದರೆ ಮೊಣಕೈ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಮೇಲಕ್ಕೆ ಎತ್ತುವುದಿಲ್ಲ. ಅದು ಬೆರಳುಗಳ ಕೆಲಸ. ಬಿಸಿನೀರು ಎಷ್ಟು ಬೇಗ ಬರುತ್ತದೆಂದು ನೋಡುವ ಆಸೆ. ಬಹಳ ಬೇಗ ಬಂತು!

ನಿಲ್ಲಿಸಲು ಬರಲಿಲ್ಲ. ಬಲಕ್ಕೆ ತಿರುಗಿಸಿದೆ, ಹೆಚ್ಚಾಯಿತು. ಒತ್ತಿದೆ, ಮೇಲಿನ ಷವರೂ ಶುರುವಾಯಿತು. ಪ್ರೊಫೆಸರ್ ಓಡಿ ಬಂದು ನಿಲ್ಲಿಸುವಷ್ಟರಲ್ಲಿ ಕುಂಕುಮದ ಅಂಚು ಅರಿಶಿನದ ಒಡಲಿಗೆಲ್ಲ ಇಳಿದು, ತೊಟ್ಟಿಯಲ್ಲಿ ಆರತಿ ನೀರು ನಿಂತಿತ್ತು. ಬಾಗಿಲಲ್ಲಿ ಈಶ್ವರಿ. ಅವಳು ನೀರಿಗೆ ಕೈ ಇಳಿಬಿಟ್ಟು ಎಳೆಗಳನ್ನು ಬಿಡಿಸಿ ನೋಡಿದಳು. ಅವು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಬಹಳ ಹೊತ್ತು ಬಿಡಿಸಿದಳು. ಆಮೇಲೆ ಬಿಡಿಸುವುದನ್ನು ನಿಲ್ಲಿಸಿದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳ ಕೈ ನೂಲಿನ ನಡುವೆ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇದರಲ್ಲಿ ಮಾತ್ರ ನನ್ನ ನೆನಪು ಏನನ್ನೂ ರಿಪೇರಿ ಮಾಡಿಲ್ಲ.

ಹೊಸ ಹಾಸು ಹೂಡಿ ನೇಯುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ. ಹೂಡಲು ಮನೆಯಲ್ಲಿ ಕುಣಿಯೂ ಉಳಿದಿರಲಿಲ್ಲ. ನಿತ್ಯಾ ನನ್ನ ಪಕ್ಕ ಕೂತು, “ಪರವಾಯಿಲ್ಲಪ್ಪಾ, ವಿಡುಪ್ಪಾ,” ಎಂದು ತನ್ನ ಶಾಲೆಯ ತಮಿಳಿನಲ್ಲೇ ಸಮಾಧಾನ ಹೇಳಿದಳು. ಮಗಳು ಬೈದಿದ್ದರೆ ಊಟ ಸೇರುತ್ತಿತ್ತು.

ಮುಹೂರ್ತಕ್ಕೆ ಅಂಗಡಿಯಿಂದ ಸೀರೆ ತಂದೆವು. ಮೆಷಿನ್ ಮಗ್ಗದ್ದು. ಬಣ್ಣ ಅವೇ, ಅರಿಶಿನ, ಕುಂಕುಮ. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಮ್ಮವರ ಮದುವೆಗಳಲ್ಲಿ ಹೆಂಗಸರು ಮೊದಲು ನೋಡುವುದು ಮದುಮಗಳ ಮುಖವನ್ನಲ್ಲ, ಸೆರಗಿನ ಹಿಂಬದಿಯನ್ನು. ಕೈ ಯಾರದೆಂದು ಗೊತ್ತಾಗುವುದು ಅಲ್ಲಿ.

ಈಶ್ವರಿಯ ಸೋದರತ್ತೆ ಬಂದಳು. ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜು, ಬೆರಳು ಮಾತ್ರ ಇನ್ನೂ ಚುರುಕು. ಹಸೆಯ ಬಳಿ ಹೋಗಿ ನಿತ್ಯಾಳ ಸೆರಗು ಮಗುಚಿ ಸವರಿದಳು. ಅವಳ ಹುಬ್ಬು ಗಂಟಾಯಿತು.

“ಲೇ ಈಸ್ವರೀ, ಇಂಗಡೆ ನೂಲೆಲ್ಲಾ ಪಿಸ್ರು ಪಿಸ್ರಾಗೈತೆ. ಇದು ನಿನ್ ಕೈ ಅಲ್ವಲ್ಲಾ?”

ಸುತ್ತಲಿನ ಹೆಂಗಸರು ಕಿವಿ ನಿಮಿರಿಸಿದರು. ಈಶ್ವರಿ ಮಗಳ ಸೆರಗನ್ನು ಸರಿಮಾಡಿ, ಶಾಂತವಾಗಿ ನನ್ನ ಕಡೆ ನೋಡಿದಳು.

“ಅಲ್ಲ ಅತ್ತೆ. ಇದು ಅವ್ರ ಕೈಕೆಲ್ಸ.”

ಎಲ್ಲರೂ ನನ್ನ ಕೈ ನೋಡಿದರು. ಎಲ್ಲಿ ಅಡಗಿಸುವುದೆಂದು ತಿಳಿಯಲಿಲ್ಲ. ಮುದುಕಿ ತಡವರಿಸಿಕೊಂಡು ನನ್ನ ಬಳಿ ಬಂದಳು, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ದನಿಯಲ್ಲಿ ನಿಜವಾದ ಕರುಣೆಯಿತ್ತು.

“ಓಗ್ಲಿ ಬುಡು ಮಗಾ,” ಎಂದಳು. “ಮೊದಲ್ನೇ ಸೀರೆ ಯಾರ್ದೂ ಇಂಗೇ.”

ನಾನು ಬಗ್ಗಿ ಅವಳ ಕಾಲು ಮುಟ್ಟಿದೆ.