ಒಂದೊಂದಾಗಿ ಎದ್ದುಹೋದ ಕ್ವಿಜ್ ತಂಡಗಳು

ಪ್ರಶ್ನೆ ಕೇಳೋ ಕಡೆ ಎಡವಟ್ಟು ಆಗದೇ ಇರಲ್ಲ. ಅದರಲ್ಲೂ ಪ್ರಶ್ನೆ ಕೇಳೋದು ಬಾರಿನ ಮಹಡಿ ಮೇಲೆ, ಕೇಳೋನು ನಾನು ಅಂದರೆ, ಎಡವಟ್ಟು ವಿಳಾಸ ವಿಚಾರಿಸಿಕೊಂಡು ಬರಬೇಕಾಗಿಲ್ಲ, ನೇರವಾಗಿ ಬರ್ತದೆ.

ಚಳ್ಳಕೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪರೀಕ್ಷೆ ಕಟ್ಟೋರು ತರೋ ಸಾಮಾನ್ಯ ಜ್ಞಾನದ ಗೈಡುಗಳನ್ನು ಪುಟ ತಿರುವಿ ತಿರುವಿ, ಯಾವ ದೇಶದ ರಾಜಧಾನಿ ಯಾವುದು ಅನ್ನೋದು ನನಗೆ ಬೇಡ ಅಂದರೂ ಬಾಯಿಪಾಠ. ಹೆಂಡತಿ ತೀರಿಹೋದ ಮೇಲೆ ನನಗೆ ಭಾನುವಾರ ಅಂದರೆ ಭಯ. ಅಂಗಡಿ ಬಂದ್. ಬಾಡಿಗೆ ಮನೇಲಿ ಮಾತಾಡೋರು ಯಾರೂ ಇಲ್ಲ. ಮಧ್ಯಾಹ್ನ ಊಟ ಮಾಡಿ ತಟ್ಟೆ ತೊಳೆದಿಟ್ಟ ಮೇಲೆ ಏನು ಮಾಡೋದು ಅಂತಲೇ ತಿಳಿಯೋದಿಲ್ಲ. ಅದಕ್ಕೇ ಈ ಕ್ವಿಜ್ ಲೀಗ್ ಶುರು ಮಾಡಿದ್ದು. ಜನಕ್ಕೆ ಜ್ಞಾನ ಬರಲಿ ಅಂತ ಅಲ್ಲ, ನನಗೆ ಭಾನುವಾರ ಕಳೀಲಿ ಅಂತ.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಬಾರಿನ ಮಹಡಿ ಮೇಲೆ 'ಫ್ಯಾಮಿಲಿ ಹಾಲ್' ಅಂತ ಬೋರ್ಡು ಇದೆ. ಅಲ್ಲಿಗೆ ಫ್ಯಾಮಿಲಿ ಬಂದಿದ್ದನ್ನು ಯಾರೂ ನೋಡಿಲ್ಲ. ಬಾರಿನ ಮಾಲೀಕರು ಕರಾವಳಿ ಕಡೆಯವರು, ಒಳ್ಳೇ ಮನುಷ್ಯ. "ಭಾನುವಾರ ಮಧ್ಯಾಹ್ನ ಹಾಲ್ ಖಾಲಿಯೇ ಇರ್ತದೆ, ಮಾಡಿ ಮಾರಾಯ್ರೆ. ಆದ್ರೆ ಟೇಬಲ್ ತುಂಬಬೇಕು. ಜಿಮ್‌ನವರು ಹಾಲ್ ಕೇಳ್ತಾ ಇದ್ದಾರೆ. ನಿಮ್ಮ ಟೀಮ್ ಖಾಲಿಯಾದ್ರೆ ಅವರಿಗೆ ಕೊಡುದೇ" ಅಂತ ಮೊದಲ ದಿನವೇ ಹೇಳಿದ್ದರು.

ಶುರುವಿಗೆ ಐದು ತಂಡ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ನನ್ನಿವಾಳದವರು, ದೊಡ್ಡಉಳ್ಳಾರ್ತಿಯವರು, ಬಿ.ಜಿ. ಕೆರೆಯವರು, ಮೊಳಕಾಲ್ಮೂರಿನ ನೇಕಾರರು. ಅವರು ಹೇಗೆ ಒಂದೊಂದಾಗಿ ಎದ್ದುಹೋದರು ಅನ್ನೋದೇ ನಾನು ಹೇಳಬೇಕು ಅಂತಿರೋದು. ನೀವು ನಗ್ತೀರಿ. ನಗ್ರಿ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ. ನನಗೆ ನಗು ಬರೋದು ಸ್ವಲ್ಪ ತಡ, ಅಷ್ಟೇ.

ಲೋಟ ಬಡಿದವರು

ಟಿ.ವಿ.ಯಲ್ಲಿ ತೋರಿಸ್ತಾರಲ್ಲ, ಆ ಥರದ ಬಜರ್ ಚಳ್ಳಕೆರೆಯಲ್ಲಿ ಎಲ್ಲಿಂದ ತರೋದು? ಲೋಟಕ್ಕೆ ಚಮಚ ಬಡೀರಿ, ಯಾರು ಮೊದಲು ಬಡೀತಾರೋ ಅವರಿಗೆ ಉತ್ತರ ಹೇಳೋ ಅವಕಾಶ ಅಂತ ರೂಲ್ಸ್ ಮಾಡಿದೆ. ಎಂಥಾ ಐಡಿಯಾ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾರಿನಲ್ಲಿ ಲೋಟ ಬಡಿದರೆ ಇನ್ನೊಂದು ತಗೊಂಬಾ ಅಂತ ಅರ್ಥ ಅನ್ನೋದು ತಲೆಗೆ ಹೊಳೀಲಿಲ್ಲ.

ನನ್ನಿವಾಳದ ತಂಡದಲ್ಲಿ ಇಬ್ಬರು ಮೇಷ್ಟ್ರು, ಒಬ್ಬರು ಗೊಬ್ಬರದ ಅಂಗಡಿಯವರು. ಮೂವರೂ ಮೊದಲು ಹೇಳಿದ್ದು ಬರೀ ಸೋಡಾ. ಆದರೆ ಎಲ್ಲಾ ಗೊತ್ತಿದ್ದ ಜನ. ಟಣ್ ಅಂತ ಬಡಿದು ಉತ್ತರ ಹೇಳಿದರು, ಸರಿ. ವೇಟರ್ ಬಂದು ಗ್ಲಾಸು ತುಂಬಿಸಿ ಹೋದ, ಸೋಡಾ ಮಾತ್ರ ಅಲ್ಲ, ಜೊತೆಗೆ ಪೆಗ್ಗೂ. ಇದು ಬಹುಮಾನ ಇರಬೇಕು ಅಂತ ಮೇಷ್ಟ್ರು ತಿಳಿದುಕೊಂಡರು. ಬಂದ ಬಹುಮಾನ ಬಿಟ್ಟರೆ ಮರ್ಯಾದೆ ಅಲ್ಲ ಅಂತ ಕುಡಿದರು. ಮತ್ತೆ ಟಣ್, ಮತ್ತೆ ಸರಿ, ಮತ್ತೆ ವೇಟರ್. ಮೂರನೇ ರೌಂಡಿಗೆ ಬರೋ ಹೊತ್ತಿಗೆ ಅಂಕದಲ್ಲೂ ಅವರೇ ಮುಂದೆ, ಅಮಲಿನಲ್ಲೂ ಅವರೇ ಮುಂದೆ.

ಸುಲಭದ್ದು ಕೇಳೋಣ ಅಂತ, "ಕರ್ನಾಟಕದ ರಾಜಧಾನಿ ಯಾವುದು?" ಅಂದೆ. ದೊಡ್ಡ ಮೇಷ್ಟ್ರು ಎದ್ದು ನಿಂತರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ನನ್ನಿವಾಳ ಯಾಕಾಗಬಾರ್ದು ಹೇಳ್ರಿ" ಅಂದರು.

ಮೂವರನ್ನೂ ಆಟೋದಲ್ಲಿ ಕೂರಿಸಿ ಊರಿಗೆ ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಮೇಷ್ಟ್ರ ಮನೆಯವರು ಫೋನ್ ಮಾಡಿದರು. ನಾನು ಹಲೋ ಅನ್ನೋಕೂ ಬಿಡಲಿಲ್ಲ. "ನಮ್ಮನೆಯವರಿಗೆ ಇಷ್ಟು ವರ್ಷ ಇಲ್ಲದ ಚಟ ನಿಮ್ಮ ಜನರಲ್ ನಾಲೆಡ್ಜಿಂದ ಅಂಟಿಕೊಂಡೈತೆ. ಇನ್ಮೇಲೆ ಕರೀಬ್ಯಾಡ್ರಿ. ಅವರಿಗೆ ಗೊತ್ತಿರೋದು ಸಾಕು."

ಉದ್ದದ ಗೋಡೆ

ದೊಡ್ಡಉಳ್ಳಾರ್ತಿಯವರು ಮೂವರೂ ಕುರಿ ಸಾಕೋರು. ಊರ ಪಕ್ಕದಲ್ಲೇ ಹುಲ್ಲುಗಾವಲು, ಅದನ್ನ ಅವರು ಕಾವಲು ಅಂತಾರೆ. ತಲೆತಲಾಂತರದಿಂದ ಅಲ್ಲೇ ಮೇಯಿಸಿದವರು. ಈಗ ಅಲ್ಲಿ ದೊಡ್ಡ ದೊಡ್ಡ ಕಟ್ಟಡ ಬಂದು, ಸುತ್ತ ಕಾಂಪೌಂಡ್ ಎದ್ದಿದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗೈಡಿನಲ್ಲಿದ್ದ ಪ್ರಶ್ನೆಯನ್ನ ಇದ್ದ ಹಾಗೇ ಓದಿಬಿಟ್ಟೆ. "ಕಾವಲಿಗಾಗಿ ಕಟ್ಟಿದ, ಜಗತ್ತಿನಲ್ಲೇ ಅತಿ ಉದ್ದವಾದ ಗೋಡೆ ಎಲ್ಲಿದೆ?"

ಅವರಲ್ಲಿ ಹಿರಿಯರು ಲೋಟ ಮುಟ್ಟಲೇ ಇಲ್ಲ, ಕೈಯೆತ್ತಿದರು. (ಲೋಟ ಬಡಿಯೋದನ್ನ ಅಷ್ಟರಲ್ಲಿ ನಿಲ್ಲಿಸಿದ್ದೆ ಅನ್ನಿ.) "ನಮ್ಮೂರಾಗೈತೆ" ಅಂದರು.

"ತಪ್ಪು ಯಜಮಾನ್ರೇ. ಚೀನಾದಲ್ಲಿ."

"ನೀವು ನೋಡಿ ಬಂದೀರಾ?"

"ಇಲ್ಲ."

"ನಾವು ನಮ್ದನ್ನ ದಿನಾ ನೋಡ್ತೀವಿ. ಮೊದ್ಲು ಕಾವಲಾಗೆ ಹಿಂಗೆ ಹೊಕ್ಕು ಹಂಗೆ ಬರ್ತಿದ್ವಿ. ಈಗ ಕುರಿ ಹೊಡ್ಕೊಂಡು ಗೋಡೆ ಸುತ್ತಾಕ್ಕೊಂಡು ಹೋಗೋ ಹೊತ್ಗೆ ಕುರಿ ತಿಂದಿದ್ದೆಲ್ಲಾ ಕರಗಿ ಹೋಗ್ತೈತೆ. ಚೀನಾದಾಗೆ ಕುರಿ ಹಿಂಗೇ ಸುತ್ತುತಾವಾ?"

ನಾನು ಗೈಡಿನ ಹಿಂದಿನ ಪುಟ ತಿರುವಿ ನೋಡಿದೆ. ಎಣ್ಣೆ ಮಿಲ್ಲಿನವರು ಮುಸಿಮುಸಿ ನಕ್ಕರು. ನಾನು ಅಂಕ ಕೊಡಲಿಲ್ಲ, ಕೊಡೋಕೆ ಬರೋದಿಲ್ಲ. ಹಿರಿಯರು ಕಂಬಳಿ ಹೆಗಲಿಗೆ ಹಾಕಿಕೊಂಡು, "ಸುತ್ತೋ ದಾರಿ ಬಾಳ ಐತೆ ಸ್ವಾಮಿ, ಇನ್ನು ಭಾನುವಾರ ಬರಾಕಾಗಲ್ಲ" ಅಂದರು. ಬಾಗಿಲ ಹತ್ತಿರ ತಿರುಗಿ, "ಚೀನಾದೋರು ಒಂದು ಗೇಟಾದ್ರೂ ಇಟ್ಟಿರ್ತಾರೆ, ಕೇಳಿ ನೋಡ್ರಿ" ಅಂತ ಸೇರಿಸಿದರು.

ಒಂದು ನಿಮಿಷ

ಬಿ.ಜಿ. ಕೆರೆಯ ತಂಡದ ಜೀವಾಳ ಅಂದರೆ ಒಬ್ಬ ಗೂಡ್ಸ್ ಆಟೋದವನು. ಟೊಮ್ಯಾಟೊ ತುಂಬೋ ಗಾಡಿಯಲ್ಲೇ ತನ್ನ ತಂಡವನ್ನು ತುಂಬಿಕೊಂಡು ಬರ್ತಿದ್ದ. ದೇಶ, ಧ್ವಜ, ನಾಣ್ಯ, ಯಾವುದನ್ನೇ ಕೇಳಲಿ, ಪ್ರಶ್ನೆ ಮುಗಿಯೋ ಮೊದಲೇ ಉತ್ತರ. "ಲೇ, ನನ್ನ ಪ್ರಶ್ನೆ ಪೂರ್ತಿ ಆಗಲಿ ತಡಿಯೋ" ಅಂತ ನಾನು ಬೈಯದ ಭಾನುವಾರ ಇಲ್ಲ. ಒಂದು ಗುರುವಾರ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಇನ್ನೂ ಸಾಯೋ ವಯಸ್ಸಲ್ಲ. ಟೊಮ್ಯಾಟೊ ಗಾಡಿ ಕಂಡರೆ ಈಗಲೂ ಓಡಿಸ್ತಿರೋದು ಯಾರು ಅಂತ ತಿರುಗಿ ನೋಡ್ತೀನಿ.

ಆ ಭಾನುವಾರ ಅವನ ತಂಡದ ಇಬ್ಬರು ಬಸ್ಸಿನಲ್ಲಿ ಬಂದರು. ಅವನ ಕುರ್ಚಿ ಖಾಲಿ ಬಿಟ್ಟು ಕೂತರು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ ಅಂದೆ. ನಿಂತೆವು. ಕೆಳಗೆ ಬಸ್ಸಿನ ಹಾರನ್ ಬಿಟ್ಟರೆ ಬೇರೆ ಸದ್ದಿಲ್ಲ. ನನಗೋ ದುಃಖದಲ್ಲಿ ತಲೆ ಓಡ್ತಾ ಇಲ್ಲ. ಕೈಯಲ್ಲಿದ್ದ ಗಡಿಯಾರದ ಮುಳ್ಳು ಒಂದು ಸುತ್ತು ಬಂತು. ಅಭ್ಯಾಸಬಲ, ಬಾಯಿ ತಾನೇ ಹೇಳಿಬಿಟ್ಟಿತು.

"ಸಮಯ ಮುಗೀತು. ಉತ್ತರ ಇಲ್ಲ. ಮುಂದಿನ ತಂಡಕ್ಕೆ ಪಾಸ್."

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಇಳಿದುಬಿಡ್ತಿದ್ದೆ. ಬಿ.ಜಿ. ಕೆರೆಯವರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಒಬ್ಬರು ಟವಲಿನಿಂದ ಕಣ್ಣೊರೆಸಿಕೊಂಡು, "ಅವನು ಬದುಕಿರೋವಾಗ ಒಂದಿನಾನೂ ಪಾಸ್ ಅಂದೋನಲ್ಲ" ಅಂದರು. ಅವರಿಬ್ಬರೂ ಮತ್ತೆ ಬರಲಿಲ್ಲ.

ನಾಕು

ಉಳಿದದ್ದು ಎರಡೇ ತಂಡ. ಎಣ್ಣೆ ಮಿಲ್ಲಿನವರು ಊರಲ್ಲೇ ಇರೋರು, ಗೆಲ್ಲೋರು, ಅವರಿಗೆ ಬರೋಕೆ ಕಷ್ಟವಿಲ್ಲ. ಮೊಳಕಾಲ್ಮೂರಿನವರು ಅಣ್ಣತಮ್ಮಂದಿರು ಇಬ್ಬರೇ. ರೇಷ್ಮೆ ಸೀರೆ ನೇಯೋರು, ಮನೆಮಾತು ತೆಲುಗು. ಒಂದು ಸಲವೂ ಗೆದ್ದವರಲ್ಲ. ಆವತ್ತು ಮೆಟ್ಟಿಲು ಹತ್ತುತ್ತಲೇ ಅಣ್ಣ ಹೇಳಿದರು, "ಮಗ್ಗ ಬಿಟ್ಟು ಬರ್ತೀವಿ, ಸೋತು ಹೋಗ್ತೀವಿ, ಮನೇಲಿ ಆಡ್ಕೊಂತಾರೆ. ಇವತ್ತೂ ಸೋತ್ರೆ ಸಾಕು ಮಾಡ್ತೀವಿ ರೀ."

ಅವರು ಬರೋದು ನಿಂತರೆ ಲೀಗೂ ನಿಂತ ಹಾಗೆ, ಹಾಲ್ ಜಿಮ್‌ನವರ ಪಾಲು, ಖಾಲಿ ಭಾನುವಾರ ನನ್ನ ಪಾಲು. ಆವತ್ತು ದೇವರ ಫೋಟೋಗೆ ಕೈಮುಗಿದು ಬಂದಿದ್ದೆ, ನಾಚಿಕೆ ಬಿಟ್ಟು ಹೇಳ್ತೀನಿ.

ಶುರುವಾಗೋ ಮೊದಲು ಎಣ್ಣೆ ಮಿಲ್ಲಿನ ಸಾಹುಕಾರರು ಒಂದು ತಕರಾರು ತೆಗೆದರು. "ಇವರು ತೆಲುಗಿನಾಗೆ ಗುಸುಗುಸು ಅಂತ ಒಂದು ಹೇಳ್ತಾರೆ, ಆಮೇಲೆ ಕನ್ನಡದಾಗೆ ಇನ್ನೊಂದು ಹೇಳ್ತಾರೆ. ಅದೆಲ್ಲಾ ನಡೆಯಲ್ಲ. ಬಾಯಿಂದ ಮೊದ್ಲು ಬಿದ್ದ ಮಾತೇ ಉತ್ತರ." ಆಗಲಿ ಅಂದೆ.

ಕೊನೇ ಪ್ರಶ್ನೆಗೆ ಬಂದಾಗ ಎರಡೂ ತಂಡ ಸಮ. ಸರದಿ ಮೊಳಕಾಲ್ಮೂರಿನವರದು. ರೇಷ್ಮೆಯವರಿಗೆ ರೇಷ್ಮೆ ಪ್ರಶ್ನೆ ಅಂತ ನಾನೇ ಹುಡುಕಿ ಇಟ್ಟಿದ್ದೆ. "ರೇಷ್ಮೆ ಹುಳು ಚಿಟ್ಟೆಯಾಗಿ ಗೂಡು ಒಡೆದು ಬಂದಾಗ, ಅದಕ್ಕೆ ರೆಕ್ಕೆ ಎಷ್ಟು?" ಉತ್ತರ ನಾಲ್ಕು. ಇನ್ನೇನು, ಬಾಳೆಹಣ್ಣು ಸುಲಿದು ಕೈಗೆ ಕೊಟ್ಟ ಹಾಗೆ ಅಂದುಕೊಂಡೆ.

ಅಣ್ಣತಮ್ಮ ಮುಖ ಮುಖ ನೋಡಿಕೊಂಡರು. ಅಣ್ಣ ಒಂದು ನಿಟ್ಟುಸಿರು ಬಿಟ್ಟು, "ನಾಕು ತೆಲೀದು" ಅಂದರು.

ತೆಲುಗಿನಲ್ಲಿ ನಾಕು ಅಂದರೆ ನನಗೆ, ತೆಲೀದು ಅಂದರೆ ಗೊತ್ತಿಲ್ಲ. ನನಗೆ ತೆಲುಗು ಚೆನ್ನಾಗಿ ಬರ್ತದೆ. ಆದರೆ ಆ ಗಳಿಗೆಯಲ್ಲಿ ಬರದ ಹಾಗೆ ಮಾಡಿದೆ. ಟೇಬಲ್ ಕುಟ್ಟಿ, "ನಾಕು. ಸರಿ ಉತ್ತರ. ಮೊಳಕಾಲ್ಮೂರು ಗೆದ್ದಿತು" ಅಂತ ಕೂಗಿಬಿಟ್ಟೆ.

ಸಾಹುಕಾರರು ಕುರ್ಚಿಯಿಂದ ನೆಗೆದರು. "ಏನ್ ಸರಿ? ಗೊತ್ತಿಲ್ಲ ಅಂದ್ರಲ್ರೀ ಅವ್ರು."

"ಮೊದ್ಲು ಬಿದ್ದ ಮಾತೇ ಉತ್ತರ ಅಂದೋರು ನೀವೇ. ಮೊದ್ಲು ಬಿದ್ದಿದ್ದು ನಾಕು."

ಸಾಹುಕಾರರು ಆಂಧ್ರದ ಕಡೆ ವ್ಯಾಪಾರ ಮಾಡೋರು, ಅವರಿಗೂ ತೆಲುಗು ಬರ್ತದೆ. ನೇರವಾಗಿ ಅಣ್ಣನಿಗೇ, "ನೀಕು ತೆಲುಸಾ?" ಅಂತ ಕೇಳಿದರು, ನಿನಗೆ ಗೊತ್ತಾ ಅಂತ.

"ನಾಕು ತೆಲೀದು" ಅಂದರು ಅಣ್ಣ.

"ನೋಡ್ರಿ, ಎಷ್ಟು ಸಾರಿ ಕೇಳಿದ್ರೂ ನಾಕೇ ಅಂತಾರೆ" ಅಂದೆ ನಾನು.

ತಮ್ಮ ಕಿಸಕ್ಕನೆ ನಕ್ಕ. ವೇಟರ್ ನಕ್ಕ. ಸಾಹುಕಾರರ ಜೊತೆಗಾರರೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ, ಎದ್ದು ನಿಂತು ಕನ್ನಡದಲ್ಲಿ ಹೇಳಿದರು. "ಬ್ಯಾಡ ರೀ. ಗೊತ್ತಿಲ್ದೇ ಇರೋದಕ್ಕೆ ಮಾರ್ಕ್ಸ್ ಬ್ಯಾಡ. ನಮ್ ಕೈಗೆ ಬರೋದು ನೂಲು. ಚಿಟ್ಟೆ ಆಗೋಕೆ ಮೊದ್ಲೇ ಗೂಡು ಕುದಿಯೋ ನೀರಿಗೆ ಹಾಕ್ತಾರೆ. ಇಷ್ಟು ವರ್ಷ ರೇಷ್ಮೆ ನೇಯ್ದೀವಿ, ಅದಕ್ಕೆ ರೆಕ್ಕೆ ಬರೋದನ್ನ ನಾವು ನೋಡೇ ಇಲ್ಲ."

ಇನ್ನೇನು ಮಾಡೋದು? ಪ್ರಶ್ನೆ ಪಾಸ್ ಆಯಿತು. ಉತ್ತರ ಆಗಲೇ ನಾನು ಊರಿಗೆಲ್ಲಾ ಕೇಳೋ ಹಾಗೆ ಕೂಗಿಯಾಗಿತ್ತು. ಸಾಹುಕಾರರು ಗಂಟಲು ಸರಿಮಾಡಿಕೊಂಡು, "ನಾಕು" ಅಂದರು. ಅಂಕ ಅವರಿಗೆ, ಗೆದ್ದವರಿಗೆ ಅಂತ ನಾನು ತಂದಿಟ್ಟಿದ್ದ ಕಪ್ಪೂ ಅವರಿಗೆ.

ಅಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅವರೂ ನಾಕು ಅಂದ್ರು, ನಾನೂ ನಾಕು ಅಂದೆ. ಅವರದು ನಡೀತು, ನೋಡ್ರಿ" ಅಂತ ಈಗ ನಕ್ಕರು. ಆಮೇಲೆ, "ಹೋಗ್ತೀವಿ ರೀ" ಅಂದರು. ನಮ್ಮ ಕಡೆ ಹೊರಡುವಾಗ ಯಾರೂ ಹೋಗ್ತೀವಿ ಅನ್ನಲ್ಲ, ಬರ್ತೀವಿ ಅಂತಾರೆ. ಅವರು ಬರ್ತೀವಿ ಅನ್ನಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಕೆಳಗೆ ಇಳಿದರೆ ಮಾಲೀಕರು ಕೌಂಟರಿನಲ್ಲಿ ಕೂತಿದ್ದರು, ಕೈಯಲ್ಲಿ ಫೋನು. "ಜಿಮ್‌ನವರು ಲೈನಲ್ಲಿದ್ದಾರೆ ಮಾರಾಯ್ರೆ. ಬರುವ ಭಾನುವಾರ ನಿಮ್ಮದು ಎಷ್ಟು ಟೀಮ್ ಉಂಟು?"

ನನಗೆ ತುಂಬಾ ಸಂಕಟ ಆದಾಗ ಬಾಯಲ್ಲಿ ತೆಲುಗು ಬರ್ತದೆ. ಹೆಂಡತಿ ರಾಯದುರ್ಗದ ಕಡೆಯವಳು, ಸುಖದುಃಖ ಎಲ್ಲಾ ನಾವು ಅದರಲ್ಲೇ ಮಾತಾಡಿಕೊಂಡಿದ್ದು. "ನಾಕು..." ಅಂದೆ. ತೆಲೀದು ಅನ್ನೋದು ಹೊರಗೆ ಬರಲೇ ಇಲ್ಲ.

ಕರಾವಳಿಯವರಿಗೆ ಎಲ್ಲಿಯ ತೆಲುಗು? "ನಾಲ್ಕಾ? ಓ, ಜಾಸ್ತಿಯಾಯ್ತಲ್ಲ" ಅಂದರು. ಫೋನಿಗೆ, "ಇಲ್ಲ ಮಾರಾಯ್ರೆ, ಹಾಲ್ ಖಾಲಿ ಇಲ್ಲ" ಅಂದು ಇಟ್ಟರು. ವೇಟರನ್ನು ಕರೆದು, "ಭಾನುವಾರ ಮೇಲೆ ನಾಲ್ಕು ಟೇಬಲ್ ಒರೆಸಿ ಇಡು" ಅಂದರು.

ನಾನು ತಿದ್ದಲಿಲ್ಲ. ಬಾಯಿಂದ ಮೊದ್ಲು ಬಿದ್ದ ಮಾತೇ ಉತ್ತರ.