ನೈಫಿನ ರಕ್ಷೆ

ಏನಾದರೂ ಕೆಟ್ಟರೆ ಮೊದಲು ಬೇರೆಯವರ ಮುಖ ನೋಡುವುದು ನನ್ನ ಹುಟ್ಟುಗುಣ. ಹಾಲು ಉಕ್ಕಿದರೆ ಒಲೆಯದು ತಪ್ಪು, ಕಾರಿಗೆ ಗೀರು ಬಿದ್ದರೆ ಕಂಬದ್ದು. ಮೂವತ್ತು ವರ್ಷ ಇಂಜಿನಿಯರಾಗಿ ದುಡಿದ ಮೇಲೆ ಈ ಗುಣಕ್ಕೆ ‘ದೋಷ ಪತ್ತೆ’ ಎಂಬ ಗೌರವದ ಹೆಸರನ್ನೂ ಕೊಟ್ಟುಕೊಂಡಿದ್ದೇನೆ. ನನ್ನ ಇತ್ತೀಚಿನ ದೋಷ ಪತ್ತೆಯ ಕತೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾನು ಹೇಳದಿದ್ದರೆ ಊದ್ ಮೇಥಾದಲ್ಲಿ ನಡೆಯುವ ಇಲ್ಲಿನ ನಮ್ಮೂರವರ ಮುಂದಿನ ಸಮಾರಂಭದಲ್ಲಿ ನನ್ನ ಹೆಂಡತಿ ಸುಮತಿ ಹೇಳುತ್ತಾಳೆ, ಅದೂ ತುಳುವಿನಲ್ಲಿ. ಅದಕ್ಕಿಂತ ಇದೇ ವಾಸಿ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಗಲ್ಫಿನ ಈ ನಗರದ ರಾಸ್ ಅಲ್ ಖೋರಿನಲ್ಲಿ, ಎರಡು ಕಾರು ಗ್ಯಾರೇಜುಗಳ ನಡುವೆ ನಮ್ಮ ಸಣ್ಣ ಕಂಪನಿ ಇದೆ. ಸಂಶೋಧನಾ ರಿಯಾಕ್ಟರುಗಳಿಗೆ, ಅಂದರೆ ಕರೆಂಟಿಗಾಗಿ ಅಲ್ಲದೆ ಪ್ರಯೋಗಕ್ಕಾಗಿ ಇರುವ ಪುಟ್ಟ ರಿಯಾಕ್ಟರುಗಳಿಗೆ, ಬೇಕಾದ ಅಳತೆಯ ಉಪಕರಣಗಳನ್ನು ಇಲ್ಲಿ ವಿನ್ಯಾಸ ಮಾಡಿ ಕಟ್ಟುತ್ತೇವೆ. ರಿಯಾಕ್ಟರು ಇರುವುದು ಬೇರೆ ದೇಶಗಳಲ್ಲಿ. ನಮ್ಮಲ್ಲಿರುವುದು ಸ್ಪ್ಯಾನರು, ಕಂಪ್ಯೂಟರು ಮತ್ತು ಪಕ್ಕದ ಗ್ಯಾರೇಜಿನಿಂದ ಬರುವ ಪೇಂಟಿನ ವಾಸನೆ ಮಾತ್ರ. ಆದರೂ ಊರಿನವರು ಸಿಕ್ಕಿದಾಗ ಯಾರಾದರೊಬ್ಬರು ಸ್ವರ ತಗ್ಗಿಸಿ ಬಾಂಬಿನ ವಿಷಯ ಕೇಳುತ್ತಾರೆ. ಬಾಂಬಲ್ಲ, ವಿಕಿರಣ ಎಣಿಸುವ ಯಂತ್ರ ಎಂದರೆ ಅವರ ಮುಖ ಸಪ್ಪಗಾಗುತ್ತದೆ.

ಈ ಸಲದ್ದೂ ಅಂಥದೇ ಯಂತ್ರ. ಸುತ್ತ ಸೀಸದ ಇಟ್ಟಿಗೆಗಳ ಗೋಡೆ, ನಡುವೆ ಡಿಟೆಕ್ಟರ್, ಮೇಲೆ ಅಂಗೈಯಗಲದ ಕಿಟಕಿ. ರಿಯಾಕ್ಟರಿನಲ್ಲಿಟ್ಟು ತೆಗೆದ ವಸ್ತುವನ್ನು ಕಿಟಕಿಯ ಮೇಲಿಟ್ಟರೆ ಅದರಿಂದ ಹೊರಡುವ ಕಿರಣಗಳನ್ನು ಅದು ಎಣಿಸಬೇಕು. ಏನನ್ನೂ ಇಡದಿದ್ದಾಗ, ಕಲ್ಲು ಮಣ್ಣು ಆಕಾಶದಿಂದ ಬರುವ ಅಷ್ಟಿಷ್ಟನ್ನು ಬಿಟ್ಟರೆ, ತೆಪ್ಪಗಿರಬೇಕು. ನಮ್ಮದು ತೆಪ್ಪಗಿರಲಿಲ್ಲ. ಏನೂ ಹಾಕದ ತಕ್ಕಡಿ ಕಾಲು ಕಿಲೋ ತೋರಿಸಿದ ಹಾಗೆ, ಏನೂ ಇಡದೆಯೂ ಎಣಿಸುತ್ತಿತ್ತು. ಗಿರಾಕಿಗಳ ಪರವಾಗಿ ಅಬುಧಾಬಿಯಿಂದ ಡಾಕ್ಟರ್ ಮರಿಯಮ್ ಬಂದು ಪರೀಕ್ಷಿಸುವ ದಿನ ಆಗಲೇ ಗೊತ್ತಾಗಿತ್ತು. ಅವರು ಒಪ್ಪದಿದ್ದರೆ ಒಂದೂವರೆ ವರ್ಷದ ದುಡಿಮೆ ಗುಜರಿಗೆ. ಐವತ್ತೆಂಟರ ವಯಸ್ಸಿನಲ್ಲಿ ನನ್ನ ವೀಸಾ ಕೂಡ ಅದರ ಹಿಂದೆಯೇ ಹೋಗುವ ಸಂಭವವಿತ್ತು.

ದೋಷ ಪತ್ತೆ ಶುರುವಾಯಿತು. ಸೀಸದ ಇಟ್ಟಿಗೆಯಲ್ಲೇ ಕಲಬೆರಕೆ ಎಂದು ಮಾರಿದವನಿಗೆ ಫೋನಿನಲ್ಲಿ ಬೈದು, ಎಲ್ಲವನ್ನೂ ವಾಪಸು ಕಳಿಸಿ, ಹೊಸತು ತರಿಸಿದೆ. ಎಣಿಕೆ ಇಳಿಯಲಿಲ್ಲ. ನೆಲದ ಟೈಲ್ಸ್ ಮೇಲೆ ಸಂಶಯಪಟ್ಟು ಯಂತ್ರವನ್ನು ಇನ್ನೊಂದು ಕೋಣೆಗೆ ಹೊರಿಸಿದೆ. ಇಳಿಯಲಿಲ್ಲ. ಕೊನೆಗೆ ನಮ್ಮ ಟೆಕ್ನೀಶಿಯನ್ ಹಮೀದಾಕನ ಬಾಳೆಹಣ್ಣಿನ ಮೇಲೆ ಕಣ್ಣು ಬಿತ್ತು. ಬಾಳೆಹಣ್ಣಿನಲ್ಲೂ ಅತ್ಯಲ್ಪ ವಿಕಿರಣ ಇರುವುದು ನಿಜ. ಹಮೀದಾಕನೋ ಬಂಟ್ವಾಳದ ಕಡೆಯ ಬ್ಯಾರಿ, ಇಪ್ಪತ್ತು ವರ್ಷದಿಂದ ಹತ್ತು ಗಂಟೆಗೆ ಒಂದು ನೇಂದ್ರಬಾಳೆ ತಿಂದೇ ಬದುಕಿದ ಮನುಷ್ಯ. ಅದನ್ನು ಹೊರಗೆ, ಬಿಸಿಲಲ್ಲಿ ನಿಂತು ತಿನ್ನಬೇಕೆಂದು ಅಪ್ಪಣೆ ಮಾಡಿದೆ. ಪಾಪ, ಅವನು ದಿನಾ ಹೊರಗೆ ಹೋಗಿ ತಿಂದು ಬರುತ್ತಿದ್ದ.

ಇದಕ್ಕೆಲ್ಲ ಮೊದಲು, ಯಂತ್ರ ಕಟ್ಟಿ ನೋಡುತ್ತಿದ್ದ ದಿನಗಳಲ್ಲೇ, ನನಗೆ ಬೆನ್ನುನೋವು ಹಿಡಿದಿತ್ತು. ಅಂಕಿ ತೋರಿಸುವ ಪರದೆಯನ್ನು ಯಂತ್ರದ ಹಿಂಬದಿಯಲ್ಲಿ ಇಟ್ಟಿದ್ದರಿಂದ, ಕಿಟಕಿಯ ಮೇಲೆ ಎದೆಯೂರಿ ಬಾಗಿದರೆ ಮಾತ್ರ ಓದಲು ಸಿಗುತ್ತಿತ್ತು. ಆ ವಿನ್ಯಾಸವೂ ನನ್ನದೇ. ಎಣಿಕೆ ಮುಗಿಯುವವರೆಗೆ ಹಾಗೇ ಬಾಗಿ ನಿಂತಿರುತ್ತಿದ್ದೆ. ನನ್ನ ನರಳಾಟ ನೋಡಲಾರದೆ ಸುಮತಿ ನೈಫಿನ ಹಳೇ ಪೇಟೆಗೆ ಹೋಗಿ, ಅತ್ತರು, ಬೆಲ್ಟು, ಗಡಿಯಾರ ಎಲ್ಲವನ್ನೂ ಮಾರುವ ಒಂದು ಪುಟ್ಟ ಅಂಗಡಿಯಿಂದ ಕಪ್ಪು ದಾರದ ಪದಕವೊಂದನ್ನು ತಂದಳು. ನೋವು ಹೋಗುತ್ತದೆ, ವಿಕಿರಣವೂ ತಟ್ಟುವುದಿಲ್ಲ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ನಾನು ನಕ್ಕೆ. ಅವಳು ನಗಲಿಲ್ಲವಾದ್ದರಿಂದ ಹಾಕಿಕೊಂಡೆ. ಹೇಳಲು ಸಂಕೋಚ, ಎರಡೇ ವಾರದಲ್ಲಿ ನೋವು ಹೋಯಿತು. ಆಮೇಲೆ ಅದನ್ನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ ನನಗೆ ಜ್ವರ ಬಂದು ಮೂರು ದಿನ ಮಲಗಿದೆ. ವಾಪಸು ಹೋದ ದಿನ ಹಮೀದಾಕ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ಶೆಟ್ರೆ, ಬೇಜಾರು ಮಾಡ್ಬೇಡಿ. ನೀವು ಇಲ್ಲದ ಮೂರು ದಿನ ಮಷೀನ್ ಲಾಯ್ಕ ಇತ್ತು. ಇವತ್ತು ನೀವು ಬಂದ್ರಿ, ಪುನಃ ಶುರು ಆಯ್ತು.”

ನನಗೆ ಮೈಯೆಲ್ಲ ಉರಿಯಿತು. ನನ್ನ ಕಾಲ್ಗುಣ ಸರಿ ಇಲ್ಲ ಎನ್ನುತ್ತಿದ್ದಾನೆ ಎಂದುಕೊಂಡೆ. ವಿಜ್ಞಾನದ ಜಾಗದಲ್ಲಿ ಇಂಥ ಮೂಢನಂಬಿಕೆ ನಡೆಯದು, ಯಂತ್ರಕ್ಕೆ ಮನುಷ್ಯರ ಶಕುನ ತಿಳಿಯುವುದಿಲ್ಲ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕತ್ತಿನಲ್ಲಿ ರಕ್ಷೆ ಕಟ್ಟಿಕೊಂಡೇ ಕೊಟ್ಟೆ ಎಂಬುದು ಆಗ ಹೊಳೆಯಲಿಲ್ಲ.

ಡಾಕ್ಟರ್ ಮರಿಯಮ್ ಬಂದರು. ಮೃದು ಮಾತಿನ, ಅವಸರವಿಲ್ಲದ ಹೆಂಗಸು. ನಾನು ಎದೆಯೂರಿ ಬಾಗಿ ಎಣಿಕೆ ತೋರಿಸಿದೆ. ಅದು ಎಂದಿನಂತೆ ಏರಿತು. ಅವರು ಚೀಲದಿಂದ ಅಂಗೈಯಷ್ಟು ದೊಡ್ಡ ಮೀಟರು ತೆಗೆದು ಗೋಡೆ, ಮೇಜು, ಇಟ್ಟಿಗೆ ಎಲ್ಲದರ ಹತ್ತಿರ ಹಿಡಿದರು. ಅದು ಅಲ್ಲೊಮ್ಮೆ ಇಲ್ಲೊಮ್ಮೆ ಟಿಕ್ ಎನ್ನುತ್ತಿತ್ತು. ನನ್ನ ಹತ್ತಿರ ಬಂದಾಗ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಆಸ್ಪತ್ರೆಯಲ್ಲಿ ಯಾವುದಾದರೂ ಸ್ಕ್ಯಾನ್ ಆಗಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಅಂಗಿಯೊಳಗೆ ಏನಿದೆ ಎಂದರು. ದಾರ ಹಿಡಿದು ಪದಕವನ್ನು ಹೊರಗೆಳೆದೆ. ಮೀಟರು ಅರಚಿಕೊಂಡಿತು.

ಇಂಥ ಪದಕಗಳನ್ನು ಮಾಡುವ ಖನಿಜದ ಪುಡಿಯಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದುಂಟು, ಗಾಬರಿಯಾಗುವಷ್ಟಲ್ಲ, ಆದರೆ ಮೈಗೆ ತಾಗಿಸಿಕೊಂಡು ತಿರುಗುವಂಥದ್ದೂ ಅಲ್ಲ ಎಂದು ಅವರು ಶಾಂತವಾಗಿ ವಿವರಿಸಿದರು. ನನಗೆ ಅರ್ಧ ಕೇಳಿಸಿತು. ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ವಿಕಿರಣ ತಟ್ಟದಿರಲೆಂದು ವಿಕಿರಣವನ್ನೇ ಕೊರಳಿಗೆ ಕಟ್ಟಿಕೊಂಡಿದ್ದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹೆಂಗಸು ಇಟ್ಟಿಗೆಯವನಿಗೆ ಬೈದಿರಲಿಲ್ಲ, ಬಾಳೆಹಣ್ಣನ್ನು ಗಡೀಪಾರು ಮಾಡಿರಲಿಲ್ಲ. ಪದಕವನ್ನು ಹಮೀದಾಕ ಸೀಸದ ಡಬ್ಬಿಯಲ್ಲಿಟ್ಟು ದೂರದ ಕೋಣೆಗೆ ಒಯ್ದ. ಯಂತ್ರ ತೆಪ್ಪಗಾಯಿತು. ಇಷ್ಟು ಸೂಕ್ಷ್ಮವಾದ ಉಪಕರಣ ನೋಡಿ ಸಂತೋಷವಾಯಿತೆಂದು ಡಾಕ್ಟರ್ ಮರಿಯಮ್ ಸಹಿ ಹಾಕಿದರು. ಹಮೀದಾಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವನು ಗೋಡೆಗೆ ಒರಗಿ, ಕೋಣೆಯ ಒಳಗೇ, ನಿಧಾನವಾಗಿ ಬಾಳೆಹಣ್ಣು ಸುಲಿಯುತ್ತಿದ್ದ.

ಮನೆಗೆ ಬಂದು ಸುಮತಿಗೆ ಎಲ್ಲವನ್ನೂ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ, ನನ್ನ ದಿಂಬಿನ ಚೀಲಕ್ಕೆ ಕೈ ಹಾಕಿ ಇನ್ನೊಂದು ಪದಕ ತಂದಳು. ಒಂದು ಕೊಂಡರೆ ಒಂದು ಉಚಿತವಂತೆ. ನಾಲ್ಕು ತಿಂಗಳಿಂದ ನನ್ನ ತಲೆ ಅದರ ಮೇಲೇ ಮಲಗಿತ್ತು.

“ಹೇಳಿದ್ರೆ ನಗಾಡ್ತೀರಿ ಅಂತ ಹೇಳ್ಲಿಲ್ಲ. ಆ ರಿಯಾಕ್ಟರ್ ಅಂತ ಕೇಳಿದ್ರೇ ನಂಗೆ ಹೆದರಿಕೆ. ನಿಮಗೆ ಎಂತದೂ ಆಗ್ಬಾರ್ದು ಅಂತ ಇಟ್ಟದ್ದು,” ಎಂದಳು.

ಕೋಪ ಬರಬೇಕಿತ್ತು, ಬರಲಿಲ್ಲ. ಮೂವತ್ತು ವರ್ಷ ನನ್ನ ಕೆಲಸಕ್ಕೆ ಇವಳು ಹೆದರಿಕೊಂಡೇ ಬುತ್ತಿ ಕಟ್ಟಿದ್ದಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಆದರೆ ಅವಳು ಬೇಗ ಚೇತರಿಸಿಕೊಂಡಳು.

“ಅಲ್ಲ, ನೀವು ಅದನ್ನೇ ಅಳೆಯುವ ಮಷೀನ್ ಮಾಡುವವರಲ್ವಾ? ಒಮ್ಮೆ ಮಷೀನಿಗೆ ತೋರಿಸ್ಬಾರ್ದಿತ್ತಾ?”

ದಿನಾ ತೋರಿಸುತ್ತಿದ್ದೆ, ಅದೂ ದಿನಾ ಹೇಳುತ್ತಿತ್ತು, ನಾನೇ ನಂಬಲಿಲ್ಲ ಎಂದು ಒಪ್ಪಿಕೊಂಡೆ. ಮರುದಿನ ಎರಡನೆಯದನ್ನೂ ಹಮೀದಾಕನ ಡಬ್ಬಿಗೆ ಒಪ್ಪಿಸಿ, ಇಟ್ಟಿಗೆಯವನಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅದರ ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಬೆನ್ನು ಛಳಕ್ ಎಂದಿತು. ಪರದೆಯನ್ನು ಹಿಂಬದಿಯಲ್ಲಿಟ್ಟವನು ನಾನೇ ಎಂದು ತಿಳಿದಿದ್ದರೂ, ಕೈ ಮಾತ್ರ ತಾನಾಗಿ ಹೋಗಿ ಖಾಲಿ ಕತ್ತನ್ನು ತಡವಿತು.